ನೂರರಲ್ಲಿ ಒಬ್ಬ

(ಇಡಗುಂಜಿ ಬಳಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಹೆಚ್ಚುಕಡಿಮೆ ಆಡಿದಂತೆಯೇ ಬರೆದುಕೊಂಡದ್ದು.)

ಗೆಳೆಯರೇ,

ಇವತ್ತು ಸಂಕಷ್ಟಿ. ಬರುವಾಗ ನೀವೂ ನೋಡಿದ್ದೀರಿ, ಇಡಗುಂಜಿ ರಸ್ತೆಯುದ್ದಕ್ಕೂ ಬಸ್ಸು, ಟೆಂಪೋ, ಕಾರು ನಿಂತಿವೆ. ಗಣಪತಿ ದರ್ಶನಕ್ಕೆ ಸಾಲು ನಿಂತ ಜನರನ್ನು ನೋಡಿ ನಮ್ಮೊಳಗೇ ಒಬ್ಬರು, "ಇದರ ಕಾಲುಭಾಗ ಜನ ನಮ್ಮ ಸಭೆಗೆ ಬಂದಿದ್ದರೆ!" ಅಂದರು. ಎಲ್ಲರೂ ನಕ್ಕೆವು. ಆಮೇಲೆ ಯೋಚನೆ ಹತ್ತಿತು. ಜನ ಅಂದ ಕೂಡಲೇ ತಲೆ ಎಣಿಸುವುದು ನಮಗೂ ಚಾಳಿಯಾಗಿಬಿಟ್ಟಿದೆಯಲ್ಲ. ಎಷ್ಟು ಗಾಡಿ ಬಂತು, ಯಾವ ಹಾಸ್ಟೆಲಿನಿಂದ ಎಷ್ಟು ಹುಡುಗರು ಬಂದರು, ಎಷ್ಟು ರಸೀದಿ ಹರಿಯಿತು. ಅಲ್ಲಿ ಪಂಚಕಜ್ಜಾಯದ ಚೀಟಿ, ಇಲ್ಲಿ ಸದಸ್ಯತ್ವದ ಚೀಟಿ.

ನಾವು ಮಾತಾಡಬೇಕು ಅಂತ ಬಂದದ್ದು ಪಾದ್ರಿಗಳ ವಿಷಯ. ಸುವಾರ್ತೆ ಸಾರುತ್ತಾ ಕೇರಿ ಕೇರಿಗೆ ಬರ್ತಾರಲ್ಲ, ಅವರ ವಿಷಯ. ಆದರೆ ಅದಕ್ಕೆ ಮೊದಲು ನಮ್ಮದೇ ಒಂದು ಗಲಾಟೆ ಹೇಳಬೇಕು.

ನಮ್ಮ ಜಿಲ್ಲೆಯ ಒಂದು ಹಾಸ್ಟೆಲಿನಲ್ಲಿ ಎರಡನೇ ಪಿಯುಸಿ ಓದುವ ಹುಡುಗ ಒಬ್ಬ ಇದ್ದ. ಹೆಸರು ಬೇಡ, ಊರೂ ಬೇಡ. ಶರಾವತಿ ಆಚೆ ಬದಿಯ ಒಂದು ಮುಕ್ರಿ ಕೇರಿಯವನು ಅಂದರೆ ಸಾಕು. ದೀಪಾವಳಿಗೆ ಮನೆಗೆ ಹೋದವನು ಮರಳಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ತಿಂಗಳು ಅವನ ಹೆಸರಿನ ಮುಂದೆ ಗೀಟು ಬಿತ್ತು. ಆಮೇಲೆ ಗೀಟು ಹಾಕುವುದನ್ನೂ ಬಿಟ್ಟರು. ಅವನ ಮಂಚಕ್ಕೆ ಹೊಸ ಹುಡುಗ ಬಂದ. ಆಗ ನಮ್ಮಲ್ಲಿ ಒಬ್ಬರಾದರೂ 'ಅವ ಎಲ್ಲಿ ಹೋದ?' ಅಂತ ಕೇಳಿದ್ದೇವಾ? ಇಲ್ಲ.

ಕೇಳಿದ್ದು ಯಾವಾಗ ಅಂದರೆ, ಅವನ ಮನೆಗೆ ಒಬ್ಬ ಪಾದ್ರಿ ಹೋಗಿಬರ್ತಾನೆ ಅಂತ ಸುದ್ದಿ ಬಂದಾಗ. ಆಗ ನೋಡಿ, ನಮಗೆಲ್ಲ ಒಮ್ಮೆಲೇ ಅವನ ನೆನಪಾಯ್ತು! ಅದೇ ರಾತ್ರಿ ಕಮಿಟಿ ಕೂತಿತು. ನಮ್ಮ ಹುಡುಗನನ್ನು ಜಾತಿ ಬಿಡಿಸುತ್ತಿದ್ದಾರೆ, ನಮ್ಮ ಸಂಖ್ಯೆ ಕಡಿಮೆ ಮಾಡುವ ಹುನ್ನಾರ ಇದು, ದೂರು ಕೊಡಬೇಕು ಅಂತ ಒಬ್ಬರು. 2022ರಲ್ಲಿ ಕರ್ನಾಟಕ ಸರಕಾರ ಮಾಡಿದ ಮತಾಂತರದ ಕಾನೂನನ್ನು ಇನ್ನೊಬ್ಬರು ಎತ್ತಿದರು. ಆ ಕಾನೂನಿನಲ್ಲಿ ಪರಿಶಿಷ್ಟರನ್ನು, ಹೆಂಗಸರನ್ನು, ಅಪ್ರಾಪ್ತರನ್ನು ಕಾನೂನು ಮೀರಿ ಮತಾಂತರ ಮಾಡಿದರೆ ಬೇರೆಯವರಿಗಿಂತ ಹೆಚ್ಚಿನ ಶಿಕ್ಷೆ ಅಂತ ಬರೆದರು. ಇದರ ಅರ್ಥ ಏನು ಗೊತ್ತಾಯ್ತಾ? ದಲಿತನೂ ಹೆಂಗಸೂ ಎಳೆ ಮಗುವಿನ ಹಾಗೆ, ಅವರಿಗೆ ತಮ್ಮ ಬುದ್ಧಿ ಇಲ್ಲ, ಯಾರು ಕರೆದರೂ ಹೋಗ್ತಾರೆ ಅಂತ. ಇಂಥ ಮಾತನ್ನು ನಮ್ಮ ಕಮಿಟಿಯಲ್ಲೇ ಅಸ್ತ್ರ ಮಾಡಿ ತಂದರು, ನಾವೂ ಸುಮ್ಮನೆ ಕೇಳಿಕೊಂಡು ಕೂತೆವು. ಕಡೆಗೆ ಒಬ್ಬ ಸಣ್ಣ ಹುಡುಗ, ಪಿಯುಸಿ ಮೊದಲ ವರ್ಷದವನು, "ದೂರು ಬರೆಯೋದಕ್ಕೆ ಮೊದಲು ಒಂದ್ಸಲ ಮನೆಗೆ ಹೋಗಿ ಬರೋದಲ್ವಾ?" ಅಂದ. ಹಾಗಾಗಿ ಮೂವರು ಹೋದೆವು.

ಮನೆ ಅಂದರೆ ಒಂದು ಜಗಲಿ, ಒಂದು ಒಳಕೋಣೆ. ಹುಡುಗನ ಅಪ್ಪ ಚಾಪೆಯ ಮೇಲೆ ಮಲಗಿದ್ದ. ಒಂದು ಬದಿ ಕೈಕಾಲು ಬಿದ್ದುಹೋಗಿದೆ. ಅವ್ವಿ ಹೊರಗೆ ಬಂದು ನಮ್ಮನ್ನು ನೋಡಿದಳು. ನಾವು ಸಂಘದವರು ಅಂದೆವು. ಕೂರಿ ಅಂದಳು. ಪಾದ್ರಿ ಬರ್ತಾನಂತೆ ಹೌದಾ ಅಂದರೆ, ಹೌದು ಅಂದಳು. ಮುಚ್ಚುಮರೆ ಇಲ್ಲ. ಅಪ್ಪನನ್ನು ಆಸ್ಪತ್ರೆಗೆ ಕರಕೊಂಡು ಹೋದದ್ದು ಅವನೇ. ವಾರಕ್ಕೊಮ್ಮೆ ಬಸ್ಸಿಗೆ ಬಂದು, ಕೂತು, ಮಾತ್ರೆ ತಗೊಂಡಿದ್ದಾನಾ ಅಂತ ಕೇಳಿ, ಪ್ರಾರ್ಥನೆ ಮಾಡಿ ಹೋಗ್ತಾನೆ. ಮತಕ್ಕೆ ಸೇರಿ ಅಂತ ಕೇಳಿದನಾ ಅಂದೆವು. "ಕೇಳ್ದ. ನೋಡ್ವ ಅಂದೆ" ಅಂದಳು. ಅಷ್ಟೇ. ಕಾನೂನು ಬರೆದವರಿಗಿಂತ ಆ ಹೆಂಗಸಿನ ತಲೆ ನೆಟ್ಟಗಿದೆ ಅಂತ ನಮಗೆ ಅನ್ನಿಸಿತು.

ಆಮೇಲೆ ನಾವು ನಮ್ಮ ಭಾಷಣ ಸುರು ಮಾಡಿದೆವು. ಅಂಬೇಡ್ಕರ್, ಹಕ್ಕು, ಸಂಘಟನೆ. ಆಕೆ ಪೂರಾ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ತಮಾ, ಮೊದಲು ಅವ ಬಂದಾಗ ನನ್ನ ಹುಡುಗನ ಹೆಸರು ಹಿಡಿದು ಎಲ್ಲಿದ್ದ ಅಂದ್ ಕೇಳ್ದ. ನೀವು ಹೋದ ವರ್ಷ ಬಂದಿದ್ರಿ. ಕೇರಿಂದ ಎಷ್ಟು ಜನ ಬತ್ರಿ ಅಂದ್ ಕೇಳ್ದ್ರಿ."

ಗೆಳೆಯರೇ, ಬಸ್ಸಿನಲ್ಲಿ ಬರುವಾಗ ಮೂವರೂ ಮಾತಾಡಲಿಲ್ಲ.

ಪಾದ್ರಿಗಳು ಹೇಳುವ ಒಂದು ಕತೆ ನಿಮಗೆ ಗೊತ್ತಿರಬಹುದು, ಅವರ ಸುವಾರ್ತೆಯಲ್ಲಿ ಇದೆ. ನೂರು ಕುರಿ ಇದ್ದವನ ಒಂದು ಕುರಿ ತಪ್ಪಿಸಿಕೊಂಡಿತಂತೆ. ಅವನು ತೊಂಬತ್ತೊಂಬತ್ತನ್ನೂ ಅಲ್ಲೇ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದ, ಹೆಗಲ ಮೇಲೆ ಹೊತ್ತು ತಂದ. ಹಾಸ್ಟೆಲಿನಲ್ಲಿ ಈ ಕತೆ ಹೇಳಿದಾಗ ಒಬ್ಬ ಹುಡುಗ ನಕ್ಕುಬಿಟ್ಟ. "ಕುರಿ ಯಾರದ್ದು ಮಾರಾಯ್ರೆ? ಒಡೆಯನ ದನ ಒಂದು ತಪ್ಪಿಸಿಕೊಂಡ್ರೆ ನಮ್ಮಜ್ಜ ರಾತ್ರಿಯೆಲ್ಲ ಬೆಟ್ಟದಲ್ಲಿ ಹುಡುಕ್ತಿದ್ನಂತೆ. ಸಿಗದಿದ್ರೆ ಬೆನ್ನ ಚರ್ಮ ಸುಲೀತಿದ್ರು" ಅಂದ. ಸರಿಯಾದ ಮಾತು. ದನ ತಪ್ಪಿದರೆ ಹುಡುಕುತ್ತಿದ್ದರು. ಹುಡುಕಲು ಹೋದ ಆಳು ಹಾವು ಕಚ್ಚಿ ಬಿದ್ದರೆ ಅವನನ್ನು ಹುಡುಕಲು ಯಾರನ್ನು ಕಳಿಸಿದರು? ಕುರಿ ಅನ್ನಿಸಿಕೊಳ್ಳುವುದು ನಮಗೆ ಬೇಡ, ನಮಗೆ ಕುರುಬನೂ ಬೇಡ. ಆದರೂ ಆ ಕತೆಯಲ್ಲಿ ಒಂದು ಲೆಕ್ಕ ಇದೆ. ಒಂದು ಅಂದರೆ ನೂರರ ಒಂದು ಪಾಲು ಅಲ್ಲ ಅನ್ನುವ ಲೆಕ್ಕ. ಈ ದೇಶದ ಸರಕಾರ, ಮಠ, ಊರಗೌಡ ಯಾರೂ ನಮ್ಮ ವಿಷಯದಲ್ಲಿ ಆ ಲೆಕ್ಕ ಹಾಕಿದವರಲ್ಲ.

ಇದಕ್ಕೆ ಸಾಕ್ಷಿ ನಮ್ಮ ಪಕ್ಕದ ಧಾರವಾಡದಲ್ಲೇ ಇದೆ. 1856ನೇ ಇಸವಿ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಒಬ್ಬನೇ ಹುಡುಗ, ಒಂದೇ ಅರ್ಜಿ. ಅದು ಮುಂಬಯಿ ಸರಕಾರದ ತನಕ ಹೋಯ್ತು. ಬಿಳಿಯರ ಸರಕಾರ ಕೊಟ್ಟ ಉತ್ತರದ ಸಾರ ಕೇಳಿ: ನ್ಯಾಯ ನೋಡಿದರೆ ಹುಡುಗನ ಕಡೆಗೇ ಇದೆ. ಆದರೆ ಇಂಥ ಅರ್ಜಿ ತಂದ ಮಹಾರ ಇವನೊಬ್ಬನೇ. ಇವನೊಬ್ಬನಿಗಾಗಿ ಜಾತಿಯ ಹುಡುಗರೆಲ್ಲ ಶಾಲೆ ಬಿಟ್ಟು ಹೋದರೆ ಶಾಲೆಯೇ ಉಪಯೋಗವಿಲ್ಲದಂತಾಗುತ್ತದೆ. ಆದ್ದರಿಂದ ಆಗುವುದಿಲ್ಲ.

ನೋಡಿದಿರಾ? ಕುರಿ ಕತೆಯನ್ನು ತಲೆಕೆಳಗೆ ಮಾಡಿದಂತಾಯ್ತು. ಭಾನುವಾರ ಇಗರ್ಜಿಯಲ್ಲಿ ಆ ಕತೆ ಕೇಳಿದ ಸಾಹೇಬರುಗಳೇ ಸೋಮವಾರ ಕಚೇರಿಯಲ್ಲಿ ಕೂತು, ತೊಂಬತ್ತೊಂಬತ್ತರ ಮನಸ್ಸು ನೋಯದಿರಲಿ ಅಂತ ಒಂದನ್ನು ಹೊರಗೆ ದಬ್ಬಿದರು. ಮುಂದೆ 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಎಪ್ಪತ್ತು ವರ್ಷ ಕಳೆದ ಮೇಲೆ, 1928ರಲ್ಲಿ, ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ನಮ್ಮ ಶಿಕ್ಷಣದ ಸ್ಥಿತಿ ಬರೆದುಕೊಟ್ಟಾಗ ಈ ಧಾರವಾಡದ ಹುಡುಗನ ಕತೆಯನ್ನು ಮರೆಯದೆ ಸೇರಿಸಿದರು. ನೀವು ಹಾಸ್ಟೆಲಿನಲ್ಲಿ ಕೂತು ಪುಸ್ತಕ ಬಿಡಿಸುವಾಗ ನಿಮ್ಮ ಹಿಂದೆ ಆ ಒಬ್ಬ ನಿಂತಿದ್ದಾನೆ.

ಹಾಗಾದರೆ ಮಿಶನರಿಗಳು ಆ ಒಂದರ ಲೆಕ್ಕ ಸರಿಯಾಗಿ ಇಟ್ಟರೋ? ಇಟ್ಟರು, ಇಡಲಿಲ್ಲ, ಎರಡೂ ಖರೆ.

ನಮ್ಮ ಕರಾವಳಿಯಲ್ಲಿ ಓಡಾಡಿದ ಜೋಸೆಫ್ ವಾಜ್ ಅನ್ನುವ ಪಾದ್ರಿಯ ಮಾತು ತೆಗೆದುಕೊಳ್ಳಿ. ಗೋವೆಯವನು, ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನ. 1681ರಲ್ಲಿ ಕೆನರಾಕ್ಕೆ ಬಂದು ಕೆಲವು ವರ್ಷ ಈ ಕಡಲತೀರದ ಕ್ರೈಸ್ತರ ನಡುವೆ ದುಡಿದ. ಆಮೇಲೆ ಸಿಲೋನಿಗೆ ಹೋದ. ಅಲ್ಲಿ ಆಗ ಡಚ್ಚರ ಕಾಟ, ಕೆಥೊಲಿಕ್ ಪಾದ್ರಿ ಅಂತ ಗೊತ್ತಾದರೆ ಹಿಡಿಯುತ್ತಿದ್ದರು. ಭಿಕಾರಿಯ ವೇಷದಲ್ಲಿ ಹೋದ. ಕ್ಯಾಂಡಿ ರಾಜ ಗೂಢಚಾರ ಅಂತ ಜೈಲಿಗೂ ಹಾಕಿದ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದಾಗ ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದರು. ಈತ ಮತ್ತು ಈತನ ಸೋದರಳಿಯ ಪಾದ್ರಿ ಒಬ್ಬೊಬ್ಬರ ಬಳಿ ಹೋಗಿ ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ಯಾವ ಮತ ಅಂತ ನೋಡಲಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊಗೆ ಬಂದು ಈತನನ್ನು ಸಂತ ಅಂತ ಸಾರಿದರು. ಇದಕ್ಕೆ ನಾವು ತಲೆಬಾಗುತ್ತೇವೆ, ಅದರಲ್ಲಿ ನಾಚಿಕೆ ಏನಿಲ್ಲ.

ಆದರೆ ಇದೇ ವಾಜ್ ಸೇರಿದ್ದ ಗೋವೆಯ ಓರೆಟರಿ ಸಂಘ ಇತ್ತಲ್ಲ, ಅದಕ್ಕೆ ಸೇರಬೇಕಾದರೆ ಕ್ರೈಸ್ತನಾದರೆ ಸಾಲದು, ಬ್ರಾಹ್ಮಣ ಮೂಲದವನೇ ಆಗಿರಬೇಕಿತ್ತು! ದೀಕ್ಷಾಸ್ನಾನದ ನೀರಿನಲ್ಲಿ ಪಾಪ ತೊಳೆದುಹೋಯಿತು, ಜಾತಿ ತೇಲಿಕೊಂಡು ಈಚೆ ದಡಕ್ಕೆ ಬಂತು. ವಾಜ್ ಜತೆ ಸಿಲೋನಿಗೆ ಹೋದವನು ಇನ್ನೊಬ್ಬ ಇದ್ದ, ಜಾನ್ ಅಂತ. ಮನೆಯ ಆಳು. ಅದೇ ದಾರಿ ನಡೆದ, ಅದೇ ಹಸಿವೆ ಉಂಡ. ಸಂತನ ಹೆಸರಿನಲ್ಲಿ ಇಗರ್ಜಿಗಳಿವೆ. ಜಾನ್‌ನ ಹೆಸರನ್ನು ಇವತ್ತು ನೀವು ಮೊದಲ ಸಲ ಕೇಳುತ್ತಿದ್ದೀರಿ.

ಮತ್ತೆ ನಮ್ಮ ಘಟ್ಟದ ಮೇಲೆ ಸಿದ್ದಿಗಳಿದ್ದಾರೆ, ಯಲ್ಲಾಪುರ, ಹಳಿಯಾಳ ಕಡೆ. ಆಫ್ರಿಕದಿಂದ ಪೋರ್ಚುಗೀಸರು ಗುಲಾಮರಾಗಿ ತಂದವರು, ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಅವರ ಹಿರೀಕರು. ಆ ಗುಲಾಮರಿಗೂ ದೀಕ್ಷಾಸ್ನಾನ ಕೊಡುತ್ತಿದ್ದರು. ನಿನ್ನ ಆತ್ಮಕ್ಕೆ ಬೆಲೆ ಕಟ್ಟಲಾಗದು ಅಂತ ಹೇಳಿ ಮೈಗೆ ಬೆಲೆ ಕಟ್ಟಿ ಮಾರಿದ ಕಾಲ ಅದು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರು ಬೇರೆ ಥರ. ಜಾತಿ ಬಿಟ್ಟು ಬಾ ಅಂದರು, ಅದರಲ್ಲಿ ಬಿಗಿಯಾಗಿಯೇ ಇದ್ದರು. ಗುಂಪಾಗಿ ಬಂದರೂ ಒಬ್ಬೊಬ್ಬನನ್ನೇ ಕೂರಿಸಿ, ಅವನ ಮನಸ್ಸು ವಿಚಾರಿಸಿ, ಕಲಿಸಿ, ಆಮೇಲೆ ಸೇರಿಸಿಕೊಳ್ಳುವ ಪದ್ಧತಿ. ಸೇರಿದವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಒಡೆಯ ಗೇಣಿ ಬಿಡಿಸುತ್ತಿದ್ದ. ಅವರಿಗೆ ಕೆಲಸ ಬೇಕಲ್ಲ ಅಂತ ಮಗ್ಗ ಹಾಕಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆಗೆದರು. ಈ ಕಡಲತೀರದ ಮಾಡುಗಳ ಮೇಲೆ ಕೂತ ಮಂಗಳೂರು ಹಂಚಿನ ಹಿಂದೆ ಮನೆ ಬಿಟ್ಟು ಬಂದವರ ಹೊಟ್ಟೆಪಾಡು ಇದೆ. ಅವರಲ್ಲಿ ಹೆಚ್ಚಿನವರು ಬಿಲ್ಲವರು.

ಆದರೆ 1844ರಲ್ಲಿ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಬ್ರಾಹ್ಮಣ ತರುಣ ಸೇರಿದಾಗ ಮಿಶನ್ನಿಗೆ ಆದ ಸಂಭ್ರಮವೇ ಬೇರೆ. ಬಾಸೆಲ್ಲಿಗೆ ಕಳಿಸಿ ಓದಿಸಿದರು, ಪಾದ್ರಿ ಮಾಡಿದರು. ಒಳ್ಳೆಯ ಮನುಷ್ಯ, ಕೊಡಗಿನಲ್ಲಿ ಹೊಲೆಯರಿಗೆ ನೆಲೆ ಮಾಡಿಕೊಡಲು ದುಡಿದವರು. ಆನಂದಪುರ ಅನ್ನುವ ಊರು ಹಾಗೆ ಆದದ್ದು. ನಮ್ಮ ತಕರಾರು ಅವರ ಮೇಲಲ್ಲ. ಕೌಂಡಿನ್ಯರ ಹೆಸರು ಚರಿತ್ರೆ ಪುಸ್ತಕದಲ್ಲಿದೆ. ಆ ಊರು ಕಟ್ಟುವಾಗ ಕಾಡು ಕಡಿದ ಹೊಲೆಯರಲ್ಲಿ ಒಬ್ಬನ ಹೆಸರನ್ನಾದರೂ ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ಒಬ್ಬೊಬ್ಬರೂ ಬೆಲೆಯುಳ್ಳವರು ಅನ್ನುವ ಮಾತಿನೊಳಗೂ ಕೆಲವರ ತೂಕ ಹೆಚ್ಚು.

ಹೆಸರಿನ ವಿಷಯ ಬಂತು, ಇನ್ನೊಂದು ಹೇಳಿಬಿಡ್ತೇವೆ. ನಮ್ಮ ಅಜ್ಜಂದಿರನ್ನು ಒಡೆಯರ ಅಂಗಳದಲ್ಲಿ ಹೆಸರು ಹಿಡಿದು ಕರೆದದ್ದು ಕಡಿಮೆ. 'ಏಯ್', 'ಏ ಇವ್ನೇ', ಇಲ್ಲ ಜಾತಿ ಹೆಸರು. ಹೆಸರೇ ಇದ್ದರೂ ಅರ್ಧ ಮುರಿದು ಕರೆಯುವುದು. ಇಂಥವನ ಮನೆಗೆ ಒಬ್ಬ ಬಿಳಿ ಅಂಗಿಯವನು ಬಂದು ನಿನ್ನ ಹೆಸರು ಏನಪ್ಪಾ ಅಂತ ಕೇಳಿ, ಪುಸ್ತಕ ತೆಗೆದು ಪೂರ್ತಿ ಬರೆದುಕೊಂಡರೆ ಅವನಿಗೆ ಏನಾಗಿರಬೇಕು! ಅಕ್ಕಿ ಕೊಟ್ಟು ಮತಾಂತರ ಮಾಡಿದರು ಅಂತ ಮೇಲ್ಜಾತಿಯವರು ಇವತ್ತೂ ಹೇಳ್ತಾರೆ. ಹಸಿದವನಿಗೆ ಅಕ್ಕಿ ಕೊಟ್ಟರೆ ತಪ್ಪೇ? ನೀವು ಯಾಕೆ ಕೊಡಲಿಲ್ಲ? ಆದರೆ ಅಕ್ಕಿಯೊಂದಕ್ಕೇ ಹೋದರು ಅನ್ನುವುದು ನಮ್ಮವರನ್ನು ಬರೀ ಹೊಟ್ಟೆ ಮಾಡಿದ ಹಾಗೆ. ಹೆಸರು ಕೇಳಿದ್ದಕ್ಕೂ ಹೋಗಿದ್ದಾರೆ. ಆಮೇಲೆ ಆ ಹೆಸರನ್ನೇ ತೆಗೆದು ಬೈಬಲ್ಲಿನ ಹೆಸರು ಇಟ್ಟರು ಅನ್ನುವುದೂ ಇದೆ. ಇರಲಿ.

ಬಾಬಾಸಾಹೇಬರು ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಬರೆದದ್ದು ಅವರು ತೀರಿಕೊಂಡ ಮೇಲೆ ಅಚ್ಚಾಯಿತು. ಹಾಸ್ಟೆಲಿನ ಲೈಬ್ರರಿಯಲ್ಲಿ ಅವರ ಬರಹಗಳ ಸಂಪುಟ ಇದ್ದರೆ ಹುಡುಕಿ ಓದಿ. ಮಿಶನ್ನಿನ ಶಾಲೆ ಆಸ್ಪತ್ರೆಗಳ ಲಾಭ ಹೆಚ್ಚು ಉಂಡವರು ಮೇಲ್ಜಾತಿಯವರು, ಮತಾಂತರವಾದ ಬಡ ಅಸ್ಪೃಶ್ಯನಿಗೆ ಸಿಕ್ಕಿದ್ದು ಕಡಿಮೆ, ಅವನ ಜಾತಿಯೂ ಅಳಿಯಲಿಲ್ಲ, ತನ್ನ ಮೇಲಾಗುವ ಅನ್ಯಾಯದ ವಿರುದ್ಧ ಅವನು ದನಿ ಎತ್ತುವುದೂ ಇಲ್ಲ ಅಂತ ಅವರು ಕಟುವಾಗಿ ಬರೆದಿದ್ದಾರೆ. ಒಬ್ಬನ ಕಣ್ಣೀರು ಒರೆಸುವುದು ಬೇರೆ, ಅವನ ಕಣ್ಣಿಗೆ ಕೈ ಹಾಕಿದವನನ್ನು ಕೇಳುವುದು ಬೇರೆ. ಪಾದ್ರಿ ಮೊದಲನೆಯದನ್ನು ಮಾಡ್ತಾನೆ. ಎರಡನೆಯದಕ್ಕೆ ಅವನು ಬರುವುದು ಅಪರೂಪ.

ಈಗ ನಿಮಗೆ ತುರ್ತಾಗಿ ಗೊತ್ತಿರಬೇಕಾದ ಒಂದು ಸಂಗತಿ. ನಿಮ್ಮ ಕಿಸೆಯಲ್ಲಿರುವ ಜಾತಿ ಸರ್ಟಿಫಿಕೇಟ್ ಇದೆಯಲ್ಲ, ಅದರ ಬೇರು 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದಲ್ಲಿದೆ. ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳಬೇಕಾದರೆ ಹಿಂದೂ ಆಗಿರಬೇಕು ಅಂತ ಅದರ ಮೂರನೇ ಪ್ಯಾರಾ ಹೇಳಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಪಂಗಡಕ್ಕೆ ಈ ಅಡ್ಡಿ ಇಲ್ಲ. ನಮ್ಮ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದಾಗ ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಕ್ರೈಸ್ತ ಸಿದ್ದಿ ಎಲ್ಲರೂ ಸೇರಿದರು. ಮುಕ್ರಿಯವನು, ಹಳ್ಳೇರನು, ಆಗೇರನು ಇಗರ್ಜಿಗೆ ಸೇರಿದರೆ ಮಾತ್ರ ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಹೋಗ್ತದೆ.

ಮದರಾಸಿನಲ್ಲಿ ಸೂಸೈ ಅಂತ ಒಬ್ಬ ಇದ್ದ. ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುವವ, ಆದಿದ್ರಾವಿಡ, ಕ್ರೈಸ್ತ. ರಸ್ತೆ ಬದಿಯ ಚಮ್ಮಾರರಿಗೆ ಸರಕಾರ ಪುಕ್ಕಟೆ ಪೆಟ್ಟಿಗೆಯಂಗಡಿ ಕೊಟ್ಟಿತು. ಪಕ್ಕದಲ್ಲಿ ಅದೇ ಕೆಲಸ ಮಾಡುವ ಹಿಂದೂ ಆದಿದ್ರಾವಿಡನಿಗೆ ಸಿಕ್ಕಿತು, ಸೂಸೈಗೆ ಇಲ್ಲ. ಸುಪ್ರೀಂ ಕೋರ್ಟಿನ ತನಕ ಹೋದ. 1985ರಲ್ಲಿ ತೀರ್ಪು ಬಂತು: ಕ್ರೈಸ್ತನಾದ ಮೇಲೂ ಜಾತಿ ಉಳಿದಿದೆ ಅಂದರೆ ಸಾಲದು, ಅದೇ ತೀವ್ರತೆಯ ಕಷ್ಟ ಅಲ್ಲಿಯೂ ಇದೆ ಅಂತ ಸಾಬೀತು ಮಾಡಬೇಕು. ಅರ್ಜಿ ವಜಾ. ಬಿಸಿಲಲ್ಲಿ ಕೂತು ಚಪ್ಪಲಿ ಹೊಲಿಯುವವನು ಕಷ್ಟದ ತೀವ್ರತೆಯನ್ನು ಹೇಗೆ ಸಾಬೀತು ಮಾಡಬೇಕಪ್ಪಾ? ದಾರಿಹೋಕ ಅವನ ಮುಂದೆ ಚಪ್ಪಲಿ ಎಸೆಯುವಾಗ ನೀನು ಯಾವ ಮತ ಅಂತ ಕೇಳಿ ಎಸೆಯುತ್ತಾನೆಯೇ?

ಇಷ್ಟನ್ನೂ ಹುಡುಗನ ಅವ್ವಿಗೆ ಹೇಳಲು ನಾವು ಎರಡನೇ ಸಲ ಹೋದೆವು. ಹೆದರಿಸಲು ಅಲ್ಲ, ತಿಳಿದು ತೀರ್ಮಾನ ಮಾಡಲಿ ಅಂತ. ಸರ್ಟಿಫಿಕೇಟ್ ಹೋಗ್ತದೆ, ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ಪಿಗೆ ತೊಡಕಾಗ್ತದೆ ಅಂದೆವು. ಆಕೆ ಕೇಳಿದಳು, "ಸೀಟು ಇದ್ದಾಗ ಅವ ಯಾಕೆ ಹೋದ ಅಂದ್ ನೀವು ನೋಡ್ದ್ರ್ಯಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಪಾದ್ರಿಯೂ ಬಂದಿದ್ದ. ಮೊದಲು ನಮ್ಮನ್ನು ಕಂಡು ಬೆದರಿದ, ಪಾಪ. ಹೊಡೆಯಲು ಬಂದವರು ಅಂದುಕೊಂಡ. ಅವನೂ ನಮ್ಮಂಥವನೇ, ಬಯಲುಸೀಮೆ ಕಡೆಯ ಒಂದು ಮಾದಿಗರ ಕೇರಿಯಲ್ಲಿ ಹುಟ್ಟಿದವ. ನಿಮ್ಮ ಸಭೆಯಲ್ಲಿ ಮೇಲಿನವರು ಯಾರು, ನಿಮ್ಮ ಊರಲ್ಲಿ ಹೂಳುವ ಜಾಗ ಒಂದೇ ಆಗಿದೆಯೋ ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ, ಬೇರೆಯೇ ಇದೆ" ಅಂದ. ಸುಳ್ಳು ಹೇಳಲಿಲ್ಲ. ಅವನ ಚೀಲದಲ್ಲಿ ಒಂದು ನೋಟ್‌ಬುಕ್ ಇತ್ತು. ಪುಟಕ್ಕೊಂದು ಮನೆ. ಮನೆಯ ಪ್ರತಿಯೊಬ್ಬರ ಹೆಸರು, ಯಾರಿಗೆ ಏನು ಕಾಯಿಲೆ, ಯಾರ ಮಗ ಎಲ್ಲಿ ಕೆಲಸಕ್ಕೆ ಹೋಗಿದ್ದಾನೆ, ಫೋನ್ ನಂಬರ್. ನಮ್ಮ ಹುಡುಗನ ನಂಬರೂ ಅದರಲ್ಲಿತ್ತು. ಗೋವೆಯಲ್ಲಿ ಮೀನು ಹಿಡಿಯುವ ಬೋಟಿಗೆ ಕಲಾಸಿಯಾಗಿ ಹೋಗಿದ್ದಾನೆ. ಅಪ್ಪನ ಮದ್ದಿಗೆ ಮಾಡಿದ ಸಾಲ ತೀರಿಸಬೇಕಲ್ಲ.

ನಮ್ಮ ಸಂಘದ ಪುಸ್ತಕ ತೆಗೆದು ನೋಡಿದೆವು. ಅದೇ ಕೇರಿಯ ಮುಂದೆ ಬರೆದದ್ದು: 'ಮನೆ 14, ಜನ 60 (ಸುಮಾರು)'.

ದೂರಿನ ಕಾಗದ ಹರಿದು ಹಾಕಿದ್ದೇವೆ. ಕಮಿಟಿಯಲ್ಲಿ ಇಬ್ಬರಿಗೆ ಸಿಟ್ಟಿದೆ, ಇವತ್ತೂ ಬಂದು ಹಿಂದೆ ಕೂತಿದ್ದಾರೆ, ಮಾತಾಡಲಿ. ಪಾದ್ರಿಯ ಜತೆ ನಮ್ಮ ಜಗಳ ಮುಗಿದಿಲ್ಲ. ಹೂಳುವ ಜಾಗದ ಪ್ರಶ್ನೆ ಕೇಳುತ್ತಲೇ ಇರ್ತೇವೆ. ಆದರೆ ಅವನ ನೋಟ್‌ಬುಕ್ಕಿನ ಮುಂದೆ ನಾವು ಸೋತಿದ್ದೇವೆ.

ಮೊನ್ನೆ ರಾತ್ರಿ ಹುಡುಗನಿಗೆ ಫೋನ್ ಮಾಡಿದೆವು. ಸಮುದ್ರದಿಂದ ಆಗಷ್ಟೇ ಬಂದಿದ್ದ. ಮತದ ವಿಷಯ ಕೇಳಲಿಲ್ಲ, ಅದು ಅವನ ಮನೆಯ ತೀರ್ಮಾನ. ಪರೀಕ್ಷೆಗೆ ಬರ್ತೀಯಾ ಅಂದೆವು. ತುಂಬ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ, "ನನ್ನ ಟ್ರಂಕು ಅಲ್ಲೇ ಇದ್ಯಾ?"

ಇದೆ. ಸ್ಟೋರ್ ರೂಮಿನಲ್ಲಿ ಅಕ್ಕಿ ಚೀಲದ ಹಿಂದೆ ಇದೆ. ಹೊಸ ಹುಡುಗನಿಗೆ ಜಾಗ ಮಾಡಲು ಅಲ್ಲಿಗೆ ಎತ್ತಿಟ್ಟವರು ನಾವೇ. ಪುಸ್ತಕ, ಹಾಲ್‌ಟಿಕೆಟಿಗೆ ತೆಗೆಸಿದ ಫೋಟೋ, ಅಂಕಪಟ್ಟಿ ಎಲ್ಲ ಅದರೊಳಗೇ ಇದೆಯಂತೆ. ಪರೀಕ್ಷೆ ಫೀಜಿಗೆ ಇನ್ನು ಒಂಬತ್ತು ದಿನ ಉಳಿದಿದೆ. ಕೂಡಿಸಿದ ದುಡ್ಡು ಈಗ ಫೀಜಿಗೆ ಸಾಕು, ಸಾಲಕ್ಕೆ ಸಾಲದು. ಹೋಗುವಾಗ ಬಾಗಿಲ ಹತ್ತಿರ ಡಬ್ಬಿ ಇದೆ. ಭಾನುವಾರ ಬೆಳಿಗ್ಗೆ ಹೊನ್ನಾವರ ಸ್ಟೇಷನ್ನಿನಿಂದ ಮಡಗಾಂವಿಗೆ ಇಬ್ಬರು ಹೋಗುತ್ತಿದ್ದಾರೆ. ಟ್ರಂಕಿನ ಬೀಗದ ಕೈ ಅವನ ಹತ್ತಿರವೇ ಉಳಿದಿದೆ.